ಶೂನ್ಯಾಗಾರದ ಕಥೆಗಳು

ಅಕ್ಟೋಬರ್ ತಿಂಗಳ ಕೊನೆಗೆ ನಮ್ಮ ಶಾಲೆಯ ಹುಡುಗನೊಬ್ಬ ಕೇಳಿದ: “ಸರ್, ಹ್ಯಾಲೊವೀನ್ ಅಂದ್ರ ಏನ್ರಿ? ಬೆಂಗಳೂರಾಗ ನಮ್ಮ ಕಾಕಾನ ಮಗ ದೆವ್ವದ ವೇಷ ಹಾಕ್ಯಾನ.” ವ್ಯಾಕರಣದ ಪಾಠ ನಡೆದಿತ್ತು. ಸಮಾಸ ಅಲ್ಲಿಗೇ ನಿಂತಿತು. ದೆವ್ವದ ಮಾತು ಬಂದ ಮೇಲೆ ತತ್ಪುರುಷ ಸಮಾಸವನ್ನು ಯಾವ ಮಗು ತಾನೇ ಕೇಳೀತು? ಅಂದು ಅರ್ಧಗಂಟೆಯಲ್ಲಿ ಹೇಳಿ ಮುಗಿಸಲಾಗದ್ದನ್ನು ವಾಚಕರ ಮುಂದೆ ಸ್ವಲ್ಪ ಸಾವಕಾಶವಾಗಿ ಹೇಳಬೇಕೆಂದಿದ್ದೇನೆ.

ಕ್ರೈಸ್ತ ಪಂಚಾಂಗದಲ್ಲಿ ನವೆಂಬರ್ 1 ಸಕಲ ಸಂತರ ದಿನ, ಮರುದಿನ ತೀರಿಹೋದವರ ದಿನ. ಸಂತರ ದಿನದ ಹಿಂದಿನ ಸಂಜೆಯೇ ಹ್ಯಾಲೊವೀನ್. ಅದಕ್ಕೂ ಹಿಂದೆ ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹೊತ್ತಿನ ಹಬ್ಬವೊಂದಿತ್ತು. ಆ ರಾತ್ರಿ ಸತ್ತವರ ಲೋಕಕ್ಕೂ ಬದುಕಿದವರ ಲೋಕಕ್ಕೂ ನಡುವಿನ ಬಾಗಿಲು ತೆರೆದಿರುತ್ತದೆಂದು ಜನ ನಂಬಿದ್ದರು. ಗಡ್ಡೆ ಕೊರೆದು ಒಳಗೆ ದೀಪವಿಟ್ಟು ಹೊಸಿಲಲ್ಲಿ ಇಡುತ್ತಿದ್ದರು. 19ನೆಯ ಶತಮಾನದಲ್ಲಿ ಅಮೆರಿಕೆಗೆ ವಲಸೆ ಹೋದ ಐರಿಷ್ ಜನರಿಗೆ ಅಲ್ಲಿ ದೊಡ್ಡ ಕುಂಬಳಕಾಯಿ ಸಿಕ್ಕಿತು. ಗಡ್ಡೆಯ ಜಾಗಕ್ಕೆ ಕುಂಬಳ ಬಂತು. ಮಕ್ಕಳು ವೇಷ ತೊಟ್ಟು ಮನೆಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. ಹಿರಿಯರು ಆ ಇಡೀ ತಿಂಗಳು ಭಯದ ಕಥೆ ಓದುತ್ತಾರೆ, ಭಯದ ಚಿತ್ರ ನೋಡುತ್ತಾರೆ.

ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಜೋಕುಮಾರನೂ ಮನಿಮನಿಗೆ ಬರ್ತಾನಲ್ರಿ” ಎಂದಳು. ಅವಳ ಮಾತು ದಿಟ. ಭಾದ್ರಪದದಲ್ಲಿ ಗಣಪತಿ ಹೋದ ಮೇಲೆ ನಮ್ಮ ಕಡೆಯ ಹಳ್ಳಿಗಳಿಗೆ ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಜೋಕುಮಾರ ಬರುತ್ತಾನೆ. ಮಣ್ಣಿನ ಮೂರ್ತಿ, ಬಾಯಿಗೆ ಬೆಣ್ಣೆ. ಹೊತ್ತು ತಂದ ಹೆಂಗಸರು ಹಾಡುತ್ತಾರೆ. ಮನೆಯವರು ಮೊರದಲ್ಲಿ ಜೋಳ, ಉಪ್ಪು, ಮೆಣಸಿನಕಾಯಿ ನೀಡುತ್ತಾರೆ. ಒಂದು ವಾರದ ಬದುಕು ಅವನದು. ಹುಣ್ಣಿಮೆಯ ರಾತ್ರಿ ಅವನನ್ನು ಕೊಂದು ಅಗಸರ ಹಾಸುಗಲ್ಲಿನ ಕೆಳಗೆ ಹಾಕಿ, ಹಿಂದಿರುಗಿ ನೋಡದೆ ಬರುತ್ತಾರೆ. ಆ ರಾತ್ರಿ ಹೊಳೆಯ ಕಡೆಯಿಂದ ಅವನ ನರಳಾಟ ಕೇಳಿದವರಿಗೆ ಕೇಡು ಎಂಬ ನಂಬಿಕೆಯಿಂದ ಅಗಸರು ಮೂರು ದಿನ ಬಟ್ಟೆ ಒಗೆಯಲು ಹೋಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಆ ರಾತ್ರಿ ತುಂಗಭದ್ರೆಯ ಸಪ್ಪಳ ಕೂಡ ನನಗೆ ಬೇರೆಯಾಗಿ ಕೇಳುತ್ತಿತ್ತು.

ಅವನು ಹೋದೊಡನೆ ಪಿತೃಪಕ್ಷ, ಹಿರಿಯರಿಗೆ ಎಡೆಯಿಡುವ ಮಹಾನವಮಿ ಅಮಾವಾಸ್ಯೆ. ಅಲ್ಲಿಂದ ಒಂದು ತಿಂಗಳಿಗೆ ದೀಪಾವಳಿಯ ಅಮಾವಾಸ್ಯೆ. ನಮ್ಮ ತಾಲ್ಲೂಕಿನ ಲಂಬಾಣಿ ತಾಂಡಾಗಳಲ್ಲಿ ಆ ಕತ್ತಲೆಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳು ದೀಪ ಹಿಡಿದು ಮನೆಮನೆಗೆ ಹೋಗಿ ‘ಮೇರಾ’ ಹೇಳುತ್ತಾರೆ. ಹಿರಿಯರು ಕಾಸು ಕೊಟ್ಟು ಹರಸುತ್ತಾರೆ. ಮರುದಿನ ಒಲೆಯ ಬೆಂಕಿಗೆ ಸಿಹಿ ಅರ್ಪಿಸಿ ಸತ್ತ ಹಿರಿಯರನ್ನು ಹೆಸರು ಹಿಡಿದು ನೆನೆಯುತ್ತಾರೆ. 2024ರಲ್ಲಂತೂ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಿದ್ದಿತ್ತು. ಒಂದು ಹಬ್ಬ ಇನ್ನೊಂದರಿಂದ ಬಂತೆಂದು ನಾನು ಹೇಳುತ್ತಿಲ್ಲ. ಬೆಳೆ ಕೈಗೆ ಬರುವಾಗ, ರಾತ್ರಿ ಉದ್ದವಾಗುವಾಗ, ಮನುಷ್ಯನಿಗೆ ಸತ್ತವರ ನೆನಪಾಗುತ್ತದೆ. ಅದು ಎಲ್ಲ ದೇಶದಲ್ಲೂ ಇದ್ದದ್ದೇ.

ಇನ್ನು ಕಥೆಗಳ ಮಾತು. ‘ಗಾಥಿಕ್’ ಎಂಬುದು ಮೊದಲು ಚೂಪುಗಮಾನುಗಳ ಹಳೆಯ ಕಟ್ಟಡಗಳಿಗೆ ಇದ್ದ ಹೆಸರು. 1764ರಲ್ಲಿ ಹೊರೇಸ್ ವಾಲ್‌ಪೋಲ್ ಎಂಬ ಆಂಗ್ಲ ಶ್ರೀಮಂತ ‘ಒಟ್ರಾಂಟೋ ಕೋಟೆ’ ಎಂಬ ಕಾದಂಬರಿ ಬರೆದು, ಮುಂದಿನ ಮುದ್ರಣದಲ್ಲಿ ಅದನ್ನು ‘ಗಾಥಿಕ್ ಕಥೆ’ ಎಂದು ಕರೆದ. ಪಾಳುಕೋಟೆ, ನೆಲಮಾಳಿಗೆ, ಹಳೆಯ ಪಾಪ, ಅದನ್ನು ತೀರಿಸಬೇಕಾದ ಮೊಮ್ಮಕ್ಕಳು: ಇವೆಲ್ಲ ಅಲ್ಲಿಂದ ಸಾಲು ಹಿಡಿದವು. 1818ರಲ್ಲಿ ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’, 1897ರಲ್ಲಿ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಬಂದವು.

ಆದರೆ ಈ ಸಾಮಗ್ರಿಯ ಪಟ್ಟಿಯನ್ನು ವಾಲ್‌ಪೋಲನಿಗಿಂತ ಬಹಳ ಮೊದಲೇ ಮಾಡಿಟ್ಟವನು ಭರತ. ನಾಟ್ಯಶಾಸ್ತ್ರದಲ್ಲಿ ಭಯಾನಕ ರಸಕ್ಕೆ ಅವನು ಹೇಳುವ ವಿಭಾವಗಳು ಯಾವುವು? ವಿಕಾರವಾದ ಕೂಗು, ನರಿ ಮತ್ತು ಗೂಬೆಗಳ ದನಿ, ಕಾಡು, ಮತ್ತು ‘ಶೂನ್ಯಾಗಾರ’, ಅಂದರೆ ಯಾರೂ ಇಲ್ಲದ ಮನೆ. ಆ ರಸದ ಬಣ್ಣ ಕಪ್ಪು, ಅಧಿದೇವತೆ ಕಾಲ. ಇದಕ್ಕಿಂತ ಮುಖ್ಯವಾದುದು ಇನ್ನೊಂದು. ಭರತನು ‘ಭಯ’ವನ್ನೂ ‘ಭಯಾನಕ’ವನ್ನೂ ಬೇರೆಯಾಗಿಯೇ ಹೇಳಿದ. ಭಯವೆಂಬುದು ಮನಸ್ಸಿನ ಸ್ಥಾಯಿಭಾವ. ಹಾವು ಕಂಡಾಗ ಬರುವುದು ಅದೇ. ಆ ಭಯವೇ ಕಾವ್ಯದಲ್ಲಿ ಪಾಕಗೊಂಡು, ಸವಿಯಬಲ್ಲದ್ದಾದಾಗ ಭಯಾನಕ ರಸ. ನಡುವೆ ಇರುವುದು, ‘ಇದು ಕಥೆ’ ಎಂಬ ಅರಿವು. ಆ ಅರಿವಿನ ಗೆರೆ ಅಳಿಸಿದರೆ ಏನಾಗುತ್ತದೆಂದು ನಾನು ಪುಸ್ತಕದಿಂದ ಕಲಿಯಲಿಲ್ಲ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ರಾಘವಾಂಕನ ಹರಿಶ್ಚಂದ್ರ ಕಾವ್ಯದ ಸ್ಮಶಾನದ ಭಾಗವನ್ನು ಪಾಠ ಮಾಡುತ್ತಿದ್ದೆ. ಮಗನ ಹೆಣ ಹೊತ್ತು ಚಂದ್ರಮತಿ ಕತ್ತಲೆಯಲ್ಲಿ ಬರುತ್ತಾಳೆ; ಸುಡುಗಾಡು ಕಾಯುವವನು ಅವಳ ಗಂಡನೇ. ಮಕ್ಕಳು ಉಸಿರು ಬಿಗಿಹಿಡಿದದ್ದನ್ನು ಕಂಡು ನನಗೆ ಹುರುಪು ಹೆಚ್ಚಿತು. ಕಾವ್ಯ ಸಾಲದೆಂದು, ನಮ್ಮೂರ ಹಾಳು ಕೋಟೆಯಲ್ಲಿ ಅಮಾವಾಸ್ಯೆಗೊಮ್ಮೆ ಅಳುವ ಹೆಂಗಸೊಬ್ಬಳ ಕಥೆಯನ್ನು ಅಲ್ಲೇ ಕಟ್ಟಿ ಹೇಳಿದೆ. ಗಂಟೆ ಹೊಡೆಯಿತು. ಅದು ಕಟ್ಟುಕಥೆ ಎಂದು ಹೇಳದೆಯೇ ಹೊರಟುಬಂದೆ.

ವಾರ ಕಳೆಯಲಿಲ್ಲ, ತರಗತಿಯ ಒಬ್ಬ ಹುಡುಗಿ ಹೊಲದಲ್ಲಿ ಕೈಕಾಲು ಸೆಟೆದು ಬಿದ್ದಳಂತೆ. ಬಾಯಲ್ಲಿ ನೊರೆ. ಕೋಟೆಯ ಹೆಂಗಸು ಹಿಡಿದಿದ್ದಾಳೆ ಎಂದು ಓಣಿಯೇ ತೀರ್ಮಾನಿಸಿತು. ಮೂರು ಅಮಾವಾಸ್ಯೆ ದೆವ್ವ ಬಿಡಿಸುವವನ ಬಳಿಗೆ ಕರೆದೊಯ್ದರು. ಬೇವಿನ ಬರಲು, ಮೆಣಸಿನಕಾಯಿಯ ಹೊಗೆ. ಬ್ಯಾಡಗಿಯ ಸೀಮೆಯಲ್ಲಿ ಮೆಣಸಿನಕಾಯಿಗೆ ಬರವಿಲ್ಲವಷ್ಟೆ. ನಾನು ಮನೆಗೆ ಹೋಗಿ ಅವಳ ತಂದೆಯ ಮುಂದೆ ಕೈಮುಗಿದು, ಆ ಕಥೆ ನಾನೇ ಕಟ್ಟಿದ್ದು ಎಂದೆ. ಅವರು ಬೇಸರದಿಂದಲ್ಲ, ಕನಿಕರದಿಂದಲೇ ಹೇಳಿದರು: “ಮಾಸ್ತರ, ಅದನ್ನ ನೀವು ಕಟ್ಟಿಲ್ಲರೀ. ಆಕೀನ ನಿಮ್ಮ ಬಾಯಿಲೆ ಹೇಳಿಸ್ಯಾಳ.”

ಇದಕ್ಕೆ ನನ್ನ ಪಾಂಡಿತ್ಯದಲ್ಲಿ ಉತ್ತರವಿರಲಿಲ್ಲ. ಅವಳ ಸೋದರಮಾವ ಹಟ ಹಿಡಿದು ದವಾಖಾನೆಗೆ ಕರೆದೊಯ್ದ ಮೇಲೆ ಅದು ಮೂರ್ಛೆರೋಗವೆಂದು ತಿಳಿಯಿತು. ಗುಳಿಗೆಯಿಂದ ಹತೋಟಿಗೆ ಬಂತು. ಆದರೆ ಅವಳ ಆ ವರ್ಷದ ಪರೀಕ್ಷೆ ಹೋಯಿತು. ಎಡ ಮುಂಗೈಯ ಮೇಲೆ ಬರೆ ಉಳಿಯಿತು. ‘ಅಪಸ್ಮಾರ’ ವೈದ್ಯರ ಶಬ್ದ ಮಾತ್ರವಲ್ಲ, ನಮ್ಮ ಅಲಂಕಾರಶಾಸ್ತ್ರದ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲೂ ಒಂದು. ಭೂತಪಿಶಾಚಗಳ ಹಿಡಿತವನ್ನೂ ದೇಹದ ಧಾತುಗಳ ಏರುಪೇರನ್ನೂ ಭರತ ಅದಕ್ಕೆ ಒಟ್ಟೊಟ್ಟಿಗೆ ಕಾರಣವಾಗಿ ಹೇಳುತ್ತಾನೆ. ನಾಟಕದಲ್ಲಿ ಎರಡೂ ಸಲ್ಲುತ್ತವೆ. ಮನೆಯಲ್ಲಿ ಸಲ್ಲುವುದು ಒಂದೇ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆದು ಹಿಂಸಿಸುವುದು ಈಗ ಕಾನೂನಿನ ಪ್ರಕಾರವೂ ಅಪರಾಧ. 2017ರಲ್ಲಿ ನಮ್ಮ ವಿಧಾನಮಂಡಲ ಒಪ್ಪಿದ ಮಸೂದೆ 2020ರಲ್ಲಿ ಜಾರಿಗೆ ಬಂತು.

ಅದೇ ಕಾಲಕ್ಕೆ, 2004ರಲ್ಲಿ, ‘ಆಪ್ತಮಿತ್ರ’ ಚಿತ್ರ ಬಂದಿತ್ತು. ಮಲಯಾಳದ 1993ರ ‘ಮಣಿಚಿತ್ರತ್ತಾಳ್’ ಅದರ ಮೂಲ. ಹಳೆಯ ಬಂಗಲೆ, ಬೀಗ ಹಾಕಿದ ಕೋಣೆ, ನಾಗವಲ್ಲಿಯ ಗೆಜ್ಜೆ. ಶೂನ್ಯಾಗಾರದ ಲಕ್ಷಣವೆಲ್ಲ ಅಲ್ಲಿದೆ. ಕೊನೆಗೆ ಗೊತ್ತಾಗುವುದೇನೆಂದರೆ ಅದು ದೆವ್ವವಲ್ಲ, ಮನಸ್ಸಿನ ಕಾಯಿಲೆ, ವಾಸಿಮಾಡುವವನು ವೈದ್ಯ. ನೋಡಿ ಬಂದ ನಮ್ಮೂರವರು ನಾಗವಲ್ಲಿಯನ್ನು ನೆನಪಿಟ್ಟುಕೊಂಡರು, ವೈದ್ಯನನ್ನು ಮರೆತರು. ತಪ್ಪು ಅವರದೊಂದೇ ಅಲ್ಲ. ಬೆಳ್ಳಿತೆರೆ ಕಣ್ಣಿಗೆ ತೋರಿಸಿದ್ದನ್ನು ಬುದ್ಧಿಗೆ ಹೇಳಿದ ಮಾತು ಅಳಿಸುವುದು ಕಷ್ಟ. 1979ರ ‘ನಾ ನಿನ್ನ ಬಿಡಲಾರೆ’ಯನ್ನು ನೋಡಿ ಹೆದರಿದವರು ನನ್ನ ವಯಸ್ಸಿನವರಲ್ಲಿ ಇಂದಿಗೂ ಸಿಗುತ್ತಾರೆ.

ಭಯಕ್ಕೆ ಕಣ್ಣಿಗಿಂತ ಕಿವಿಯೇ ಮೇಲು ಎಂಬುದನ್ನು ಬಾನುಲಿಯ ಬಳಗಕ್ಕೆ ನಾನು ಹೇಳಬೇಕಾಗಿಲ್ಲ. 1938ರ ಅಕ್ಟೋಬರ್ 30, ಹ್ಯಾಲೊವೀನಿನ ಹಿಂದಿನ ರಾತ್ರಿ, ಆರ್ಸನ್ ವೆಲ್ಸ್ ಎಂಬ ತರುಣ ಅಮೆರಿಕೆಯ ಬಾನುಲಿಯಲ್ಲಿ ಎಚ್. ಜಿ. ವೆಲ್ಸರ ‘ಲೋಕಗಳ ಸಮರ’ವನ್ನು ವಾರ್ತೆಯ ರೂಪದಲ್ಲಿ ಆಡಿಸಿದ. ಮಂಗಳಗ್ರಹದವರು ಬಂದಿಳಿದ ಜಾಗದಿಂದ ವರದಿಗಾರ ಮಾತನಾಡುತ್ತಿದ್ದಾನೆ. ಮಾತು ಅರ್ಧಕ್ಕೇ ಕಡಿಯುತ್ತದೆ. ಕೆಲವು ಕ್ಷಣ ಏನೂ ಇಲ್ಲ. ಆ ಮೌನವೇ ಅಂದಿನ ದೊಡ್ಡ ರಾಕ್ಷಸ. ದೇಶವೇ ದಿಕ್ಕೆಟ್ಟು ಓಡಿತೆಂದು ಮರುದಿನದ ಪತ್ರಿಕೆಗಳು ಬರೆದವು. ಅದರಲ್ಲಿ ಉತ್ಪ್ರೇಕ್ಷೆ ಬಹಳವೆಂದು ಈಚಿನ ಸಂಶೋಧಕರು ತೋರಿಸಿದ್ದಾರೆ. ಆದರೆ ಕೆಲವರು ನಿಜವಾಗಿ ಹೆದರಿದ್ದು ಹೌದು, ಅವರಲ್ಲಿ ಮೊದಲ ಘೋಷಣೆಯನ್ನು ತಪ್ಪಿಸಿಕೊಂಡು ತಡವಾಗಿ ಕೇಳಿದವರೂ ಇದ್ದರು. ವೆಲ್ಸ್ ಕೊನೆಯಲ್ಲಿ, ಇದು ಹಬ್ಬದ ತಮಾಷೆ ಎಂದು ತಾನೇ ಹೇಳಿ ಮುಗಿಸಿದ. ಐರಣಿಯ ಮಾಸ್ತರನಿಗೆ ಅಷ್ಟು ಬುದ್ಧಿ ಇರಲಿಲ್ಲ.

ಹಾಗೆಂದು ನಾನು ಭಯದ ಕಥೆ ಹೇಳುವುದನ್ನು ಬಿಟ್ಟೆನೆ? ಎರಡು ವರ್ಷ ಬಿಟ್ಟಿದ್ದೆ. ಆಮೇಲೆ ತೋರಿತು: ಮಕ್ಕಳು ದೆವ್ವದ ಕಥೆಯನ್ನು ಎಲ್ಲಿಂದಾದರೂ ಕೇಳಿಯೇ ಕೇಳುತ್ತಾರೆ, ಕಥೆಯೆಂದು ಹೇಳಿ ಕೊಡುವವನಿಂದ ಕೇಳುವುದು ಮೇಲು. ಅದಕ್ಕೆ ನಮ್ಮಲ್ಲಿ ಬಡತನವೂ ಇಲ್ಲ. ರನ್ನನ ಗದಾಯುದ್ಧದಲ್ಲಿ ಎಲ್ಲರನ್ನೂ ಕಳೆದುಕೊಂಡ ದುರ್ಯೋಧನ ಸಂಜಯನ ಹೆಗಲು ಹಿಡಿದು ರಣಭೂಮಿಯಲ್ಲಿ ನಡೆಯುತ್ತಾನೆ. ನೆತ್ತರಲ್ಲಿ ಕಾಲು ಜಾರುತ್ತದೆ. ದ್ರೋಣ, ದುಶ್ಶಾಸನ, ಕರ್ಣರ ಹೆಣಗಳು ಒಂದೊಂದಾಗಿ ಎದುರಾಗುತ್ತವೆ. ಮರುಳುಗಳು ಅವನನ್ನು ಅಣಕಿಸುತ್ತವೆ. ಹಳಗನ್ನಡದಲ್ಲಿ ‘ಮರುಳ್’ ಎಂದರೆ ಪಿಶಾಚಿಯೂ ಹೌದು, ಹುಚ್ಚೂ ಹೌದು. ಕುವೆಂಪು ಹ್ಯಾಮ್ಲೆಟ್ ನಾಟಕವನ್ನು ಬಿದನೂರಿನ ಇತಿಹಾಸಕ್ಕೆ ಹೊಂದಿಸಿ ‘ರಕ್ತಾಕ್ಷಿ’ ಬರೆದರು. ಗಿರೀಶ ಕಾರ್ನಾಡರ ‘ನಾಗಮಂಡಲ’ ತೆರೆಯುವುದೇ ಪಾಳುಗುಡಿಯಲ್ಲಿ. ಊರಿನ ದೀಪಗಳ ಜ್ವಾಲೆಗಳು ನಡುರಾತ್ರಿ ಅಲ್ಲಿ ಸೇರಿ ಕಥೆ ಹೇಳಿಕೊಳ್ಳುತ್ತವೆ.

ನನಗೆ ಎಲ್ಲಕ್ಕಿಂತ ಮೆಚ್ಚು ಜನ್ನನ ‘ಯಶೋಧರ ಚರಿತೆ’. 1209ರ ಕಾವ್ಯ; ಗಾತ್ರ ಕಿರಿದು, ಕತ್ತಲೆ ಹಿರಿದು. ಚಂಡಮಾರಿಯ ಗುಡಿಗೆ ಅಣ್ಣತಂಗಿಯರನ್ನು ಬಲಿಗೆಂದು ಹಿಡಿದು ತಂದಿದ್ದಾರೆ. ದೊರೆ ಮಾರಿದತ್ತ ಅವರ ಮುಂದಿದ್ದಾನೆ. ಹುಡುಗ ನಡುಗುವುದಿಲ್ಲ. ಅವನ ಹೆಸರು ಅಭಯರುಚಿ. ಭಯವಿಲ್ಲದಿರುವುದರಲ್ಲೇ ರುಚಿ ಕಂಡವನು. ಅವನು ಮಾಡುವುದೇನು? ಕಥೆ ಹೇಳುತ್ತಾನೆ. ತನ್ನವೇ ಹಿಂದಿನ ಜನ್ಮಗಳ ಕಥೆ. ಅದರೊಳಗೆ, ಕೆಟ್ಟ ಕನಸಿನ ಶಾಂತಿಗೆಂದು ತಾಯಿಯ ಒತ್ತಾಯದಿಂದ ಯಶೋಧರ ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಹಿಟ್ಟಿನದಲ್ಲವೇ, ಪಾಪವೇನು ಎಂದು ಕತ್ತಿ ಬೀಸಿದರೆ, ಕೋಳಿ ಕೂಗುತ್ತದೆ. ಒಟ್ರಾಂಟೋ ಕೋಟೆಯ ಭಾರಿ ಶಿರಸ್ತ್ರಾಣಕ್ಕೆ ಬೆಚ್ಚದ ನಾನು ಈ ಹಿಟ್ಟಿನ ಕೋಳಿಗೆ ಇಂದಿಗೂ ಬೆಚ್ಚುತ್ತೇನೆ. ಕೇಳುತ್ತ ಕೇಳುತ್ತ ಮಾರಿದತ್ತನ ಮನಸ್ಸು ತಿರುಗುತ್ತದೆ, ಬಲಿ ನಿಲ್ಲುತ್ತದೆ.

ಹಲವು ವರ್ಷಗಳಿಂದ ಮಹಾನವಮಿ ಅಮಾವಾಸ್ಯೆಗೂ ದೀಪಾವಳಿಗೂ ನಡುವೆ ಒಂದು ಸಂಜೆ ಶಾಲೆಯ ಪಡಸಾಲೆಯಲ್ಲಿ ಲಾಟೀನು ಹಚ್ಚಿ ಕೂಡುತ್ತೇವೆ. ಪಾಲಕರೂ ಬರಬಹುದು, ದೆವ್ವವನ್ನು ನಂಬುವವರೂ ಬರಬಹುದು. ಕಥೆ ಮುಗಿದ ಮೇಲೆ ಅದನ್ನು ಯಾರು ಕಟ್ಟಿದರು, ಯಾವಾಗ ಕಟ್ಟಿದರು ಎಂದು ಹೇಳಿಯೇ ದೀಪ ಆರಿಸುವುದು ನಮ್ಮ ಕಟ್ಟಳೆ. ಈ ಸಲ ಹಿಟ್ಟಿನ ಕೋಳಿಯ ಭಾಗವನ್ನು ಓದುವವಳು ಹತ್ತನೆಯ ತರಗತಿಯ ಹುಡುಗಿ. ಕೋಳಿ ಕೂಗುವ ಜಾಗಕ್ಕೆ ಬಂದಾಗ ತಾನೂ ಕೂಗಬೇಕೋ, ಸುಮ್ಮನೆ ನಿಲ್ಲಬೇಕೋ ಎಂದು ಕೇಳಿದ್ದಾಳೆ. ಮೂರೆಣಿಸುವವರೆಗೆ ಸುಮ್ಮನೆ ನಿಲ್ಲು ಎಂದಿದ್ದೇನೆ.