ಒಣನೆಲದಲ್ಲಿ ಆಮೆಯೂ ಪೊದೆಯೂ

ದುಂಬಿಯು ಮಧುವನ್ನು ಹೀರಿ ಪರಾಗವನ್ನು ಒಯ್ಯುವುದೂ, ಹಕ್ಕಿಯು ಹಣ್ಣನ್ನು ತಿಂದು ಬೀಜವನ್ನು ಬಿತ್ತುವುದೂ ನಾವೆಲ್ಲರೂ ಶಾಲೆಯ ಪಾಠಗಳಲ್ಲಿ ಓದಿದ ಸಂಗತಿಗಳೇ. ಆದರೆ ಹಾವು, ಹಲ್ಲಿ, ಆಮೆಗಳನ್ನೊಳಗೊಂಡ ಸರೀಸೃಪ ವರ್ಗಕ್ಕೂ ಸಸ್ಯಗಳಿಗೂ ಇಂತಹುದೇ ಕೊಡುಕೊಳ್ಳುವಿಕೆ ಉಂಟೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಕಾರಿಮಂಗಲದಂತಹ ಬಿಸಿಲು ಸೀಮೆಯಲ್ಲಿ ಬೆಳೆದ ನಮಗೆ ಇದು ಅವಶ್ಯವಾಗಿ ತಿಳಿದಿರಬೇಕಾದ ವಿಷಯ.

ತಮಿಳುನಾಡು, ಕರ್ನಾಟಕ ಮತ್ತು ಆಂಧ್ರಪ್ರದೇಶಗಳ ಕುರುಚಲು ಕಾಡುಗಳಲ್ಲಿ ವಾಸಿಸುವ ನಕ್ಷತ್ರ ಆಮೆಯನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದ ಕಿರಣಗಳಂತೆ ಹರಡಿರುವುದರಿಂದ ಅದಕ್ಕೆ ಈ ಹೆಸರು. ಮನುಷ್ಯನಂತೆ ತನ್ನ ದೇಹದ ಶಾಖವನ್ನು ಒಂದೇ ಹದದಲ್ಲಿ ಕಾಯ್ದುಕೊಳ್ಳುವ ಶಕ್ತಿ ಸರೀಸೃಪಗಳಿಗಿಲ್ಲ. ಆದುದರಿಂದ ಸುಡುಬಿಸಿಲಿನ ಹೊತ್ತಿನಲ್ಲಿ ಪೊದೆಯ ನೆರಳೇ ಆಮೆಗೆ ಪ್ರಾಣರಕ್ಷಕ. ಅಲ್ಲಿನ ನೆರಳುಬೆಳಕಿನಲ್ಲಿ ಚಿಪ್ಪಿನ ಗೆರೆಗಳು ಬೆರೆತುಹೋಗಿ, ಅದು ಶತ್ರುಗಳ ಕಣ್ಣಿಗೆ ಸುಲಭವಾಗಿ ಬೀಳದು. ಹುಲ್ಲು, ಎಲೆ, ಹೂವು, ಉದುರಿದ ಹಣ್ಣುಗಳೇ ಅದರ ಮುಖ್ಯ ಆಹಾರ.

ಇಷ್ಟನ್ನು ಪಡೆದ ಆಮೆ ಸಸ್ಯಕ್ಕೆ ಕೊಡುವುದೇನು? ಆಮೆಗೆ ಹಲ್ಲುಗಳಿಲ್ಲ, ಹಣ್ಣಿನೊಡನೆ ನುಂಗಿದ ಬೀಜಗಳಲ್ಲಿ ಅನೇಕವು ಜಜ್ಜಿಹೋಗದೆ ಹೊಟ್ಟೆಯನ್ನು ಸೇರುತ್ತವೆ. ಅದರ ಜೀರ್ಣಕ್ರಿಯೆಯೂ ಬಲು ನಿಧಾನ. ಗಲಾಪಗಸ್ ದ್ವೀಪಗಳ ದೈತ್ಯ ಆಮೆಗಳ ಹೊಟ್ಟೆಯಲ್ಲಿ ಬೀಜಗಳು ಸರಾಸರಿ 12 ದಿನ ಉಳಿಯುವುವೆಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಅಷ್ಟರಲ್ಲಿ ಆಮೆಯು ತಾಯಿಗಿಡದಿಂದ ದೂರ ಸಾಗಿರುತ್ತದೆ. ಗಿಡದ ಬುಡದಲ್ಲಿಯೇ ಬಿದ್ದ ಬೀಜ ಮೊಳೆತರೂ ಇರುವ ಅಲ್ಪ ತೇವಕ್ಕಾಗಿ ತಾಯಿಯೊಡನೆಯೇ ಹೋರಾಡಬೇಕು. ಹಿಕ್ಕೆಯೊಡನೆ ಬೇರೆಡೆ ಬಿದ್ದ ಬೀಜಕ್ಕಾದರೋ ಹೊಸ ನೆಲವೂ ದೊರೆಯುತ್ತದೆ, ಗೊಬ್ಬರವೂ ದೊರೆಯುತ್ತದೆ.

ಆಮೆಗಳು ಇಲ್ಲವಾದರೆ ಏನಾಗುವುದೆಂಬುದಕ್ಕೆ ಮಾರಿಷಸ್ ದೇಶದ ಒಂದು ಕಿರುದ್ವೀಪ ಸಾಕ್ಷಿ. ಅಲ್ಲಿನ ಮೂಲ ಆಮೆಗಳು ಅಳಿದುಹೋದ ಬಳಿಕ ಕರಿಮರದ ದೊಡ್ಡ ಹಣ್ಣುಗಳನ್ನು ಒಯ್ಯುವವರೇ ಇಲ್ಲದಂತಾಯಿತು. ಸೌದೆಗಾಗಿ ಮರ ಕಡಿದ ಕಡೆಗಳಲ್ಲಿ ಕಾಡು ಮತ್ತೆ ತಲೆಯೆತ್ತಲಿಲ್ಲ. 2000ದಲ್ಲಿ ಅಲ್ಡಾಬ್ರಾ ಜಾತಿಯ ದೈತ್ಯ ಆಮೆಗಳನ್ನು ಅಲ್ಲಿಗೆ ತಂದು ಬಿಡಲಾಯಿತು. ಅವು ಬೀಜಗಳನ್ನು ದ್ವೀಪದಲ್ಲಿ ಹರಡಿದುದಷ್ಟೇ ಅಲ್ಲ, ಅವುಗಳ ಹೊಟ್ಟೆಯಲ್ಲಿ ಹಾದುಬಂದ ಬೀಜಗಳು ಹೆಚ್ಚಾಗಿ ಮೊಳೆತವೆಂದು 2011ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು.

ನಮ್ಮ ನಕ್ಷತ್ರ ಆಮೆಗೆ ಅದರ ಸೌಂದರ್ಯವೇ ಶತ್ರುವಾಗಿದೆ. ಮನೆಯಲ್ಲಿ ಆಮೆಯಿದ್ದರೆ ಸಂಪತ್ತು ಕೂಡುವುದೆಂಬ ನಂಬಿಕೆಯಿಂದಲೂ, ಹೊರದೇಶಗಳಿಗೆ ಮಾರುವ ಆಸೆಯಿಂದಲೂ ಅದನ್ನು ಹಿಡಿಯುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇದು ಅಪರಾಧ. 2018ರಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳನ್ನು ಕರ್ನಾಟಕಕ್ಕೆ ಮರಳಿ ತರಲಾಯಿತು. 2019ರಲ್ಲಿ ಅವುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತ್ಯಂತ ಕಠಿಣ ನಿರ್ಬಂಧ ವಿಧಿಸಲಾಯಿತು.

ಕಾಯಿದೆಯು ಊರೂರಿನ ಪೊದೆಗಳನ್ನು ಕಾಯಲಾರದು. ಒಂದು ಆಮೆಯನ್ನು ಚೀಲಕ್ಕೆ ಹಾಕಿಕೊಂಡವನು ಅದು ಮುಂದೆ ಬಿತ್ತಲಿದ್ದ ಗಿಡಗಳನ್ನೂ ಕೊಂಡೊಯ್ದಂತೆಯೇ ಸರಿ. ಹೊಲದ ಬದುವಿನ ಪೊದೆಯನ್ನು ಸುಡದೆ ಉಳಿಸುವುದು, ಅದರಡಿಯಲ್ಲಿ ಕಂಡ ಆಮೆಯನ್ನು ಅಲ್ಲಿಯೇ ಬಿಟ್ಟುಬರುವುದು – ಇವೆರಡನ್ನು ನಮ್ಮ ಮಕ್ಕಳಿಗೆ ಕಲಿಸಿದರೆ ಈ ಒಣನೆಲದ ಹಸಿರಿಗೆ ನಾವು ಮಾಡುವ ಸೇವೆ ಸಣ್ಣದಾಗಲಾರದು.