ಎರಡು ಕಿಂಡಿಗಳ ಮುಂದೆ ಒಂದು ಎಲೆಕ್ಟ್ರಾನ್

ತೆಳುವಾದ ಒಂದು ತಗಡು, ಅದರಲ್ಲಿ ಪಕ್ಕಪಕ್ಕದಲ್ಲೇ ಕೊರೆದ ಎರಡು ಸಣ್ಣ ಕಿಂಡಿಗಳು, ಹಿಂದೊಂದು ಪರದೆ. ಕ್ವಾಂಟಂ ಭೌತಶಾಸ್ತ್ರದ ಒಗಟನ್ನು ಎದುರಿಗೆ ನಿಲ್ಲಿಸಲು ತಾತ್ವಿಕವಾಗಿ ಇಷ್ಟು ಸಲಕರಣೆ ಸಾಕು. ಈ ಶಾಸ್ತ್ರಕ್ಕಿರುವ ಒಂದೇ ರಹಸ್ಯ ಇದರಲ್ಲೇ ಅಡಗಿದೆ ಎಂದು ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1960ರ ದಶಕದ ತಮ್ಮ ಪಾಠಗಳಲ್ಲಿ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. ಗಣಿತ ಗೊತ್ತಿಲ್ಲದವರು ಕ್ವಾಂಟಂ ಲೋಕದೊಳಗೆ ಕಾಲಿಡಲು ಇದಕ್ಕಿಂತ ಹತ್ತಿರದ ದಾರಿ ಇನ್ನೊಂದಿಲ್ಲ.

ಪ್ರಯೋಗದ ಮೊದಲ ರೂಪಕ್ಕೆ ಇನ್ನೂರು ವರ್ಷ ದಾಟಿದೆ. 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ವೈದ್ಯ ಥಾಮಸ್ ಯಂಗ್, ಒಂದೇ ಮೂಲದ ಬೆಳಕನ್ನು ಎರಡಾಗಿ ಸೀಳಿ ಮತ್ತೆ ಒಂದರ ಮೇಲೊಂದು ಬೀಳಿಸಿದರೆ ಬೆಳಕು ಕತ್ತಲೆಗಳ ಪಟ್ಟೆಗಳು ಮೂಡುತ್ತವೆ ಎಂದು ತೋರಿಸಿದರು. ನಿಂತ ಕೆರೆಯ ನೀರಿಗೆ ಎರಡು ಕಲ್ಲನ್ನು ಒಟ್ಟಿಗೆ ಎಸೆದವರಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ಎರಡು ಕಡೆಯ ಅಲೆಗಳ ಏರುಗಳು ಸೇರಿದಲ್ಲಿ ನೀರು ಇನ್ನಷ್ಟು ಏರುತ್ತದೆ; ಒಂದರ ಏರಿಗೆ ಇನ್ನೊಂದರ ಇಳಿವು ಸಿಕ್ಕಿದಲ್ಲಿ ನೀರು ಅಲುಗದೆ ನಿಲ್ಲುತ್ತದೆ. ಪಠ್ಯಪುಸ್ತಕಗಳು ಇದನ್ನು ವ್ಯತಿಕರಣ ಎನ್ನುತ್ತವೆ. ಬೆಳಕಿಗೆ ಬೆಳಕು ಕೂಡಿ ಕತ್ತಲೆಯಾಗಬೇಕಾದರೆ ಬೆಳಕು ಅಲೆಯೇ ಆಗಿರಬೇಕು. 19ನೇ ಶತಮಾನ ಮುಗಿಯುವ ಹೊತ್ತಿಗೆ ಇದರಲ್ಲಿ ಯಾರಿಗೂ ಅನುಮಾನ ಉಳಿದಿರಲಿಲ್ಲ.

ಅನುಮಾನ ಬಂದದ್ದು ಬೇರೆ ದಿಕ್ಕಿನಿಂದ. ಕಾದ ವಸ್ತುಗಳು ಸೂಸುವ ಬೆಳಕಿನ ಲೆಕ್ಕ ಹಳೆಯ ಸೂತ್ರಗಳಿಗೆ ಹೊಂದುತ್ತಿರಲಿಲ್ಲ. 1900ರ ಡಿಸೆಂಬರ್ 14ರಂದು ಬರ್ಲಿನ್ನಿನಲ್ಲಿ ಮ್ಯಾಕ್ಸ್ ಪ್ಲಾಂಕ್, ಶಕ್ತಿಯ ಕೊಡುಕೊಳ್ಳುವಿಕೆ ಬಿಡಿಬಿಡಿ ಕಂತುಗಳಲ್ಲಿ ನಡೆಯುತ್ತದೆ ಎಂದು ಇಟ್ಟುಕೊಂಡು ಆ ಲೆಕ್ಕವನ್ನು ಸರಿಪಡಿಸಿದರು. ಆ ಕಂತಿಗೆ ಬಂದ ಹೆಸರೇ ಕ್ವಾಂಟಂ. 1905ರಲ್ಲಿ ಐನ್‌ಸ್ಟೈನ್ ಇನ್ನೂ ಮುಂದೆ ಹೋಗಿ, ಬೆಳಕೇ ಅಂಥ ಕಂತುಗಳಾಗಿ ಚಲಿಸುತ್ತದೆ ಎಂದರು. ಲೋಹದ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನ್‌ಗಳು ಸಿಡಿದು ಹೊರಬರುತ್ತವಷ್ಟೆ. ಹಲವು ಲೋಹಗಳಲ್ಲಿ ಕೆಂಪು ಬೆಳಕು ಎಷ್ಟೇ ಪ್ರಖರವಾಗಿದ್ದರೂ ಒಂದೂ ಹೊರಬರುವುದಿಲ್ಲ, ಮಂದವಾದ ನೇರಳಾತೀತ ಬೆಳಕು ಬಿದ್ದರೆ ಸಾಕು ಹೊರಬರುತ್ತವೆ. ಮಾವಿನ ಮರಕ್ಕೆ ಬುಟ್ಟಿಗಟ್ಟಲೆ ಮರಳು ಎರಚಿದರೂ ಕಾಯಿ ಬೀಳದು, ಗುರಿ ತಾಗಿದ ಒಂದು ಕಲ್ಲಿಗೆ ಬೀಳುತ್ತದೆ. ಕೆಂಪು ಬೆಳಕಿನ ಕಂತು ಮರಳಿನ ಕಣದಂತೆ, ನೇರಳಾತೀತದ ಕಂತು ಕಲ್ಲಿನಂತೆ. ಅಮೆರಿಕದ ರಾಬರ್ಟ್ ಮಿಲಿಕನ್‌ಗೆ ಈ ವಿವರಣೆಯಲ್ಲಿ ನಂಬಿಕೆಯಿರಲಿಲ್ಲ. ವರ್ಷಗಟ್ಟಲೆ ಅಳೆದರು, 1916ರಲ್ಲಿ ಐನ್‌ಸ್ಟೈನ್ ಸಮೀಕರಣ ಸರಿಯೆಂದು ಅವರ ಅಳತೆಗಳೇ ಸಾರಿದವು. ಬೆಳಕಿನ ಈ ಕಂತುಗಳಿಗೆ ಮುಂದೆ ಫೋಟಾನ್ ಎಂಬ ಹೆಸರು ಬಂತು. ಫೋಟಾನೊಂದು ಅಣುವಿಗೆ ತನ್ನ ಶಕ್ತಿಯಲ್ಲಿ ಒಂದಿಷ್ಟನ್ನು ಕೊಟ್ಟು ಬಣ್ಣ ಬದಲಿಸಿಕೊಂಡು ಹೊರಬರುವುದನ್ನು ಕೋಲ್ಕತ್ತದಲ್ಲಿ ಕಂಡ ಸಿ.ವಿ. ರಾಮನ್, ಆ ಶೋಧದ ವಿಸ್ತಾರವಾದ ವಿವರಣೆಯನ್ನು 1928ರ ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸದಲ್ಲಿ ಕೊಟ್ಟರು.

ಹಾಗಾದರೆ ಯಂಗ್ ಕಂಡ ಪಟ್ಟೆಗಳ ಗತಿಯೇನು? ಕೋಟ್ಯಂತರ ಫೋಟಾನ್‌ಗಳು ಒಟ್ಟಿಗೆ ನುಗ್ಗುವಾಗ ಒಂದನ್ನೊಂದು ತಳ್ಳಾಡಿ ಅಲೆಯಂತೆ ಕಾಣುತ್ತಿರಬಹುದೇ ಎಂಬುದು ಸಹಜವಾದ ಊಹೆ. ಅದನ್ನು ಪರೀಕ್ಷಿಸಬೇಕಾದರೆ ಬೆಳಕನ್ನು ತೀರಾ ಕುಗ್ಗಿಸಬೇಕು. 1909ರಲ್ಲಿ ಕೇಂಬ್ರಿಡ್ಜ್‌ನ ತರುಣ ಜೆಫ್ರಿ ಟೇಲರ್ ಒಂದು ಗ್ಯಾಸ್ ದೀಪದ ಬೆಳಕನ್ನು ಮಸಿ ಹಿಡಿದ ಗಾಜುಗಳಲ್ಲಿ ಹಾಯಿಸಿ, ಒಂದು ಮೈಲಿಗಿಂತ ತುಸು ಆಚೆ ಉರಿಯುವ ಮೇಣದಬತ್ತಿಯ ಬೆಳಕಿನಷ್ಟು ಕ್ಷೀಣವಾಗಿಸಿದರು. ಅದರಲ್ಲಿ ಒಂದು ಸೂಜಿಯ ನೆರಳನ್ನು ಫೋಟೊ ತಟ್ಟೆಯ ಮೇಲೆ ಬೀಳಿಸಿ ಸುಮಾರು 2,000 ಗಂಟೆ, ಅಂದರೆ ಮೂರು ತಿಂಗಳು, ಹಾಗೆಯೇ ಬಿಟ್ಟರು. ನೆರಳಿನ ಅಂಚಿನ ಪಟ್ಟೆಗಳು ಎಂದಿನಂತೆಯೇ ಸ್ಪಷ್ಟವಾಗಿ ಮೂಡಿದ್ದವು. ಗುಂಪು ಕೂಡದೆಯೂ ಬೆಳಕು ಅಲೆಯ ಗುರುತನ್ನೇ ಬಿಟ್ಟಿತ್ತು.

ಬೆಳಕಿನ ಕಥೆ ಇಷ್ಟಕ್ಕೇ ನಿಂತಿದ್ದರೆ ಅದನ್ನು ಬೆಳಕಿನದೇ ಒಂದು ವಿಚಿತ್ರ ಗುಣ ಎಂದುಬಿಡಬಹುದಿತ್ತು. 1924ರಲ್ಲಿ ಫ್ರಾನ್ಸಿನ ಲೂಯಿ ದ ಬ್ರಾಯ್ ಪ್ರಶ್ನೆಯನ್ನು ತಿರುವಿಹಾಕಿದರು. ಅಲೆ ಎಂದುಕೊಂಡಿದ್ದ ಬೆಳಕು ಕಣದಂತೆ ನಡೆದುಕೊಳ್ಳುವುದಾದರೆ, ಕಣ ಎಂದುಕೊಂಡಿರುವ ಎಲೆಕ್ಟ್ರಾನ್ ಅಲೆಯಂತೆ ಏಕೆ ನಡೆದುಕೊಳ್ಳಬಾರದು? ಮೂರೇ ವರ್ಷದಲ್ಲಿ ಅಮೆರಿಕದ ಡೇವಿಸನ್ ಮತ್ತು ಜರ್ಮರ್, ಬ್ರಿಟನ್ನಿನ ಜಿ.ಪಿ. ಥಾಮ್ಸನ್ ಬೇರೆಬೇರೆಯಾಗಿ ಅದನ್ನು ಪ್ರಯೋಗದಲ್ಲಿ ಕಂಡರು. ಎಲೆಕ್ಟ್ರಾನನ್ನು ಕಣವೆಂದು 1897ರಲ್ಲಿ ತೋರಿಸಿದ ಜೆ.ಜೆ. ಥಾಮ್ಸನ್ ಈ ಜಿ.ಪಿ. ಥಾಮ್ಸನ್ನರ ತಂದೆ. ತಂದೆಗೆ 1906ರಲ್ಲಿ, ಮಗನಿಗೆ 1937ರಲ್ಲಿ ನೊಬೆಲ್ ಬಂತು. ಇಬ್ಬರೂ ಸರಿಯಾಗಿದ್ದರು.

ಎಲೆಕ್ಟ್ರಾನ್‌ಗಳನ್ನು ನಿಜವಾದ ಕಿಂಡಿಗಳಲ್ಲಿ ಹಾಯಿಸಿದ್ದು ಜರ್ಮನಿಯ ಕ್ಲಾಸ್ ಯಾನ್ಸನ್, 1961ರಲ್ಲಿ. ಮನಸ್ಸಿನಲ್ಲಿ ಅಚ್ಚೊತ್ತಿ ನಿಲ್ಲುವ ಚಿತ್ರಗಳು ಬಂದದ್ದು 1989ರಲ್ಲಿ, ಜಪಾನಿನ ಹಿಟಾಚಿ ಸಂಸ್ಥೆಯ ಅಕಿರಾ ತೊನೊಮುರಾ ತಂಡದಿಂದ. ಅವರು ಕಿಂಡಿಗಳ ಬದಲು ಧನ ವಿದ್ಯುದಾವೇಶ ಕೊಟ್ಟ ಒಂದು ಸೂಕ್ಷ್ಮ ತಂತಿಯ ಎರಡು ಪಕ್ಕಗಳನ್ನು ಎರಡು ದಾರಿಗಳಾಗಿ ಬಳಸಿದರು. ಉಪಕರಣದೊಳಗೆ ಒಂದು ಹೊತ್ತಿಗೆ ಒಂದೇ ಎಲೆಕ್ಟ್ರಾನ್ ಇರುವಷ್ಟು ನಿಧಾನವಾಗಿ ಅವುಗಳನ್ನು ಕಳಿಸಿದರು. ಪ್ರತಿ ಎಲೆಕ್ಟ್ರಾನೂ ಪರದೆಯ ಮೇಲೆ ಒಂದೇ ಒಂದು ಚುಕ್ಕೆಯಾಗಿ ಬಿತ್ತು. ಎಂದೂ ಅರ್ಧ ಚುಕ್ಕೆಯಿಲ್ಲ, ಚೆಲ್ಲಾಪಿಲ್ಲಿ ಹರಡಿದ ಕಲೆಯಿಲ್ಲ. ಮೊದಲ ಹತ್ತಾರು ಚುಕ್ಕೆಗಳಲ್ಲಿ, ಅಂಗಳಕ್ಕೆ ಚೆಲ್ಲಿದ ರಾಗಿಯಲ್ಲಿ ಹೇಗೋ ಹಾಗೆ, ಯಾವ ವಿನ್ಯಾಸವೂ ಇಲ್ಲ. ಚುಕ್ಕೆಗಳು ಸಾವಿರಗಳಾದಾಗ ಎಲ್ಲೋ ಒಂದು ಸಾಲು ಏಳುತ್ತಿರುವಂತೆ ಭಾಸವಾಗುತ್ತದೆ. ಲಕ್ಷ ದಾಟಿದಾಗ, ಸಂದೇಹಕ್ಕೆ ಎಡೆಯೇ ಇಲ್ಲದ ಹಾಗೆ, ಯಂಗ್ ಕಂಡ ಪಟ್ಟೆಗಳೇ ಪರದೆಯ ತುಂಬ ನಿಂತಿರುತ್ತವೆ. ಒಂಟೊಂಟಿಯಾಗಿ ಬಂದ ಎಲೆಕ್ಟ್ರಾನ್‌ಗಳಿಗೆ ತಮಗಿಂತ ಮೊದಲು ಬಂದವು ಎಲ್ಲಿ ಬಿದ್ದವೆಂದು ತಿಳಿಯುವ ಉಪಾಯವಿಲ್ಲ. ಆದರೂ ಕತ್ತಲೆ ಪಟ್ಟೆಯ ನಡುವೆ ಅವು ಬೀಳುವುದೇ ಇಲ್ಲ.

ಇದರಲ್ಲಿ ವಿಚಿತ್ರವಾದದ್ದು ಏನೆಂಬುದು ಒಂದು ಸಣ್ಣ ಕೂಡಿಸುವ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಎಡಗಿಂಡಿಯನ್ನು ಮಾತ್ರ ತೆರೆದಾಗ ಪರದೆಯ ಒಂದು ಜಾಗಕ್ಕೆ 100 ಎಲೆಕ್ಟ್ರಾನ್ ಬೀಳುತ್ತವೆ ಎಂದುಕೊಳ್ಳಬಹುದು. ಬಲಗಿಂಡಿ ಮಾತ್ರ ತೆರೆದಾಗಲೂ 100. ಎರಡನ್ನೂ ತೆರೆದರೆ 200 ಬೀಳಬೇಕು. ಎಡಗಡೆಯಿಂದ ಬಂದವು ಇಷ್ಟು, ಬಲಗಡೆಯಿಂದ ಬಂದವು ಇಷ್ಟು. ಎರಡು ಬಾಗಿಲಿನ ಛತ್ರಕ್ಕೆ ಬಂದ ನೆಂಟರನ್ನು ಎಣಿಸುವವರೂ ಹೀಗೆಯೇ ಎಣಿಸುತ್ತಾರೆ. ಎಲೆಕ್ಟ್ರಾನ್‌ಗಳ ಎಣಿಕೆ ಹೀಗೆ ಬರುವುದಿಲ್ಲ. ಒಂದು ಜಾಗದಲ್ಲಿ 400 ಬೀಳುತ್ತವೆ, ಪಕ್ಕದ ಇನ್ನೊಂದರಲ್ಲಿ ಸೊನ್ನೆ. ಸೊನ್ನೆಯೇ ಇಲ್ಲಿ ಹೆಚ್ಚು ಕಾಡುವಂಥದ್ದು. ಒಂದು ಕಿಂಡಿ ತೆರೆದಿದ್ದಾಗ ಎಲೆಕ್ಟ್ರಾನ್ ತಲುಪುತ್ತಿದ್ದ ಜಾಗವನ್ನು, ಇನ್ನೊಂದು ದಾರಿಯನ್ನೂ ತೆರೆದುಕೊಟ್ಟಾಗ, ಅದು ತಲುಪಲಾರದು.

ಕ್ವಾಂಟಂ ಸಿದ್ಧಾಂತದ ಉತ್ತರ ಹೀಗಿದೆ: ಪ್ರತಿ ದಾರಿಗೂ ಒಂದು ಸಂಖ್ಯೆಯಿದೆ, ಆ ಸಂಖ್ಯೆಗೆ ಅಲೆಯಂತೆ ಏರಿಳಿತವುಂಟು, ಅದು ಧನವೂ ಆಗಬಹುದು, ಋಣವೂ ಆಗಬಹುದು. ಮೊದಲು ಈ ಸಂಖ್ಯೆಗಳನ್ನು ಕೂಡಬೇಕು, ಆಮೇಲೆ ವರ್ಗ ಮಾಡಬೇಕು. ಎರಡೂ ಕಿಂಡಿಗಳ ಸಂಖ್ಯೆ 10 ಆದರೆ ಮೊತ್ತ 20, ಅದರ ವರ್ಗ 400. ಒಂದು 10, ಇನ್ನೊಂದು ಋಣ 10 ಆದರೆ ಮೊತ್ತ ಸೊನ್ನೆ, ವರ್ಗವೂ ಸೊನ್ನೆ. ಕಿಂಡಿ ಒಂದೇ ಇದ್ದಾಗ 10ರ ವರ್ಗ 100. (ನಿಜವಾದ ಲೆಕ್ಕದಲ್ಲಿ ಸಂಖ್ಯೆಗಳು ಇನ್ನೊಂದಿಷ್ಟು ಜಟಿಲ, ತಿರುಳು ಇದೇ.) ಈ ಅಲೆಯ ಸಮೀಕರಣವನ್ನು 1926ರಲ್ಲಿ ಎರ್ವಿನ್ ಶ್ರೋಡಿಂಗರ್ ಬರೆದರು, ವರ್ಗ ಮಾಡಿದರೆ ಸಿಗುವುದು ಕಣ ಅಲ್ಲಿ ಸಿಗುವ ಸಂಭವ ಎಂದು ಅದೇ ವರ್ಷ ಮ್ಯಾಕ್ಸ್ ಬಾರ್ನ್ ಅರ್ಥ ಕೊಟ್ಟರು. ಮೂರು ಕಿಂಡಿಗಳನ್ನಿಟ್ಟರೂ ಬಾರ್ನ್ ನಿಯಮ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿದ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಅದನ್ನು ಕೆನಡಾದಲ್ಲಿ ನಡೆಸಿದ ತಂಡದ ಮುಂಚೂಣಿಯಲ್ಲಿದ್ದವರು ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಊರ್ಬಸಿ ಸಿನ್ಹಾ. ನಿಯಮದಿಂದ ಆಚೀಚೆ ಏನಾದರೂ ಇದ್ದರೆ ಅದು ಎರಡು ಕಿಂಡಿಗಳ ವ್ಯತಿಕರಣದ ಶೇ 1ಕ್ಕಿಂತ ಕಡಿಮೆ ಎಂದು ಕಂಡುಬಂತು.

ಎಲೆಕ್ಟ್ರಾನ್ ಯಾವ ಕಿಂಡಿಯಿಂದ ಹೋಯಿತೆಂದು ತಿಳಿಯಲು ಕಿಂಡಿಯ ಬಳಿ ಪತ್ತೆಯಂತ್ರವೊಂದನ್ನು ಇಟ್ಟರೆ ಪ್ರತಿ ಸಲವೂ ಒಂದಲ್ಲ ಒಂದು ಕಿಂಡಿಯಲ್ಲಿ ಪೂರ್ತಿ ಎಲೆಕ್ಟ್ರಾನ್ ಸಿಗುತ್ತದೆ. ಆದರೆ ಪರದೆಯ ಪಟ್ಟೆಗಳು ಮಾಯವಾಗಿ ಎಣಿಕೆ ನಮಗೆ ಪರಿಚಿತವಾದ 200ಕ್ಕೆ ಮರಳುತ್ತದೆ. 1927ರ ಅಕ್ಟೋಬರಿನಲ್ಲಿ ಬ್ರಸೆಲ್ಸ್‌ನ ಸಾಲ್ವೆ ಸಮ್ಮೇಳನದಲ್ಲಿ ಐನ್‌ಸ್ಟೈನ್ ಇದಕ್ಕೊಂದು ಕಳ್ಳದಾರಿ ಹುಡುಕಿದರು. ಹಾದುಹೋಗುವ ಕಣ ಕಿಂಡಿಯ ತಗಡನ್ನು ತುಸು ಒದೆಯುತ್ತದೆ, ಆ ಒದೆತವನ್ನು ಅಳೆದರೆ ದಾರಿಯೂ ತಿಳಿಯುತ್ತದೆ, ಪಟ್ಟೆಗಳೂ ಉಳಿಯುತ್ತವೆ ಎಂಬುದು ಅವರ ವಾದ. ಒದೆತವನ್ನು ಅಷ್ಟು ನಿಖರವಾಗಿ ಅಳೆಯಹೊರಟರೆ ತಗಡು ಎಲ್ಲಿದೆ ಎಂಬುದೇ ಅಷ್ಟರಮಟ್ಟಿಗೆ ಮಸುಕಾಗಿ ಪಟ್ಟೆಗಳು ಕಲಸಿಹೋಗುತ್ತವೆ ಎಂದು ನೀಲ್ಸ್ ಬೋರ್ ಲೆಕ್ಕ ಹಾಕಿ ತೋರಿಸಿದರು. ಹೈಸನ್‌ಬರ್ಗ್ ಅದೇ ವರ್ಷ ಮುಂದಿಟ್ಟಿದ್ದ ಅನಿಶ್ಚಿತತೆಯ ತತ್ವವೇ ಬೋರ್ ಅವರ ಆಯುಧ.

ಕ್ವಾಂಟಂ ಬಗೆಗಿನ ಅತಿ ದೊಡ್ಡ ತಪ್ಪು ತಿಳಿವಳಿಕೆ ಹುಟ್ಟಿದ್ದು ಈ ಜಾಗದಲ್ಲೇ. ನೋಡಿದರೆ ಎಲೆಕ್ಟ್ರಾನ್ ಒಂದು ಥರ, ನೋಡದಿದ್ದರೆ ಇನ್ನೊಂದು ಥರ. ಆದ್ದರಿಂದ ಮನುಷ್ಯನ ಮನಸ್ಸೇ ಜಗತ್ತನ್ನು ರೂಪಿಸುತ್ತದೆ ಎಂಬ ಮಾತು ಪುಸ್ತಕಗಳಲ್ಲಿ, ಭಾಷಣಗಳಲ್ಲಿ, ಚಿಕಿತ್ಸೆಯ ಜಾಹೀರಾತುಗಳಲ್ಲಿ ಓಡಾಡುತ್ತಲೇ ಇದೆ. ಪ್ರಯೋಗಗಳು ಇದನ್ನು ಹೇಳುವುದಿಲ್ಲ. ವಿಯೆನ್ನಾದ ತಂಡವೊಂದು 1999ರಲ್ಲಿ 60 ಇಂಗಾಲದ ಪರಮಾಣುಗಳ, ಫುಟ್‌ಬಾಲ್ ಆಕಾರದ ಅಣುಗಳಿಂದಲೂ ಪಟ್ಟೆಗಳನ್ನು ಪಡೆದಿತ್ತು. 2004ರಲ್ಲಿ ಅಲ್ಲಿನವರೇ 70 ಪರಮಾಣುಗಳ ಅಣುಗಳನ್ನು ಲೇಸರಿನಿಂದ ಕಾಯಿಸಿ ಕಿಂಡಿಗಳ ಸಾಲಿನತ್ತ ಬಿಟ್ಟರು. ಕಾದ ಕಬ್ಬಿಣದಂತೆ ಕಾದ ಅಣುವೂ ಹಾರುತ್ತಲೇ ಬೆಳಕು ಸೂಸುತ್ತದೆ. ಹೀಗೆ ಹೊರಬಿದ್ದ ಫೋಟಾನ್ ಆ ಅಣು ಎಲ್ಲಿತ್ತೆಂಬ ಸುಳಿವನ್ನು ಹೊತ್ತೊಯ್ಯುತ್ತದೆ. ಆ ಫೋಟಾನ್‌ಗಳನ್ನು ಯಾರೂ ಹಿಡಿಯಲಿಲ್ಲ, ಯಾರೂ ನೋಡಲಿಲ್ಲ. ಆದರೂ ಕಾವು ಏರಿದಂತೆ ಪಟ್ಟೆಗಳು ಸ್ವಲ್ಪಸ್ವಲ್ಪವಾಗಿ ಮಾಸುತ್ತಾ ಕೊನೆಗೆ ಅಳಿಸಿಹೋದವು. ಸುಳಿವು ಸುತ್ತಲಿನ ಜಗತ್ತಿಗೆ ಸೋರಿದರೆ ಅಷ್ಟೇ ಸಾಕು. ಅದನ್ನು ಓದುವ ಕಣ್ಣು, ಅರಿಯುವ ಮನಸ್ಸು ಬೇಕಿಲ್ಲ. ಈ ಸೋರಿಕೆಯನ್ನು ವಿಜ್ಞಾನಿಗಳು ಡಿಕೊಹಿರೆನ್ಸ್ ಎನ್ನುತ್ತಾರೆ. ಕ್ವಾಂಟಂ ಹೆಸರಿನಲ್ಲಿ ಮನಶ್ಶಕ್ತಿಯನ್ನು ಮಾರುವವರ ಮುಂದೆ ಇಡಬೇಕಾದ ಪ್ರಯೋಗ ಇದು.

ದಿನಬಳಕೆಯ ವಸ್ತುಗಳಲ್ಲಿ ಈ ವಿಚಿತ್ರ ಏಕೆ ಕಾಣುವುದಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಒಂದು ಕಲ್ಲಿನ ಮೇಲೆ ಗಾಳಿಯ ಅಣುಗಳು, ಬೆಳಕು ಎಡೆಬಿಡದೆ ಬಡಿಯುತ್ತಲೇ ಇರುತ್ತವೆ. ಅದು ಎಲ್ಲಿದೆ ಎಂಬ ಸುಳಿವು ಕ್ಷಣಕ್ಷಣವೂ ಸೋರುತ್ತದೆ. ಜೊತೆಗೆ ವಸ್ತು ಭಾರವಾದಷ್ಟೂ, ವೇಗ ಹೆಚ್ಚಿದಷ್ಟೂ ಅದರ ಅಲೆಯ ಉದ್ದ ಕಿರಿದಾಗುತ್ತದೆ. ಗಂಟೆಗೆ 144 ಕಿಲೋಮೀಟರ್ ವೇಗದಲ್ಲಿ ಬರುವ, 160 ಗ್ರಾಂ ತೂಕದ ಕ್ರಿಕೆಟ್ ಚೆಂಡಿನ ಅಲೆಯ ಉದ್ದವನ್ನು ಮೀಟರಿನಲ್ಲಿ ಬರೆಯಬೇಕಾದರೆ ದಶಮಾಂಶ ಬಿಂದುವಿನ ಮುಂದೆ 33 ಸೊನ್ನೆ ಹಾಕಿ ಆಮೇಲೆ 1 ಬರೆಯಬೇಕು. ಅದಕ್ಕೆ ತಕ್ಕ ಕಿಂಡಿ ಎಲ್ಲೂ ಇಲ್ಲ.

ಎಲೆಕ್ಟ್ರಾನಿಗೆ ತನ್ನ ದಾರಿ ಮೊದಲೇ ಗೊತ್ತಿದ್ದು ನಮಗಷ್ಟೇ ತಿಳಿಯದಿರಬಹುದೇ? ಐನ್‌ಸ್ಟೈನ್ ಕೊನೆಯವರೆಗೂ ಅಂಥದೊಂದು ಆಸೆ ಇಟ್ಟುಕೊಂಡಿದ್ದರು. 1964ರಲ್ಲಿ ಜಾನ್ ಬೆಲ್ ಇದನ್ನು ಪರೀಕ್ಷೆಗೆ ಒಡ್ಡುವ ದಾರಿ ತೋರಿದರು. ಕಣಗಳ ಜೋಡಿಯೊಂದು ಉತ್ತರಗಳನ್ನು ಮೊದಲೇ ಬುತ್ತಿ ಕಟ್ಟಿಕೊಂಡು ಹೊರಟಿದ್ದು, ಬೆಳಕಿಗಿಂತ ವೇಗವಾಗಿ ಯಾವ ಪ್ರಭಾವವೂ ಸಾಗದಿದ್ದರೆ, ದೂರದೂರ ಹೋದ ಮೇಲೆ ಅವೆರಡರ ಉತ್ತರಗಳು ತಾಳೆಯಾಗುವುದಕ್ಕೆ ಒಂದು ಮಿತಿಯಿದೆ. ಜಾನ್ ಕ್ಲೌಸರ್, ಅಲೇನ್ ಆಸ್ಪೆ, ಆಂಟನ್ ಝೈಲಿಂಗರ್ ನಡೆಸಿದ ಪ್ರಯೋಗಗಳಲ್ಲಿ ಆ ಮಿತಿ ಮುರಿಯಿತು. ಮೂವರಿಗೂ 2022ರ ನೊಬೆಲ್ ಸಂದಿತು.

ಲೆಕ್ಕದ ವಿಷಯದಲ್ಲಿ ಜಗಳವಿಲ್ಲ. ಟ್ರಾನ್ಸಿಸ್ಟರ್, ಲೇಸರ್, ಆಸ್ಪತ್ರೆಯ ಎಂಆರ್‌ಐ ಎಲ್ಲವೂ ಈ ಲೆಕ್ಕದ ಮೇಲೆಯೇ ನಿಂತಿವೆ. ಜಗಳ ಇರುವುದು ಅರ್ಥದಲ್ಲಿ. ಅಳತೆಗೆ ಮೊದಲು ದಾರಿಯ ಬಗ್ಗೆ ಕೇಳುವುದಕ್ಕೇ ಅರ್ಥವಿಲ್ಲ ಎಂಬುದು ಬೋರ್ ಪರಂಪರೆಯ ನಿಲುವು. ಅಲೆಯೊಂದು ಎರಡೂ ಕಿಂಡಿಗಳಲ್ಲಿ ಹಾಯ್ದು, ಒಂದೇ ಕಿಂಡಿಯಲ್ಲಿ ಹೋಗುವ ಕಣಕ್ಕೆ ದಾರಿ ತೋರುತ್ತದೆ ಎಂದು 1952ರಲ್ಲಿ ಡೇವಿಡ್ ಬೋಮ್ ಹೇಳಿದರು. ಬೆಲ್ ಮಿತಿ ಮುರಿಯುವುದಕ್ಕೆ ಅವರ ಅಲೆ ದೂರದ ಕಣಗಳನ್ನೂ ತತ್‌ಕ್ಷಣ ಬೆಸೆದಿರಬೇಕಾಗುತ್ತದೆ. 1957ರಲ್ಲಿ ಹ್ಯೂ ಎವೆರೆಟ್ ಮಂಡಿಸಿದ ಚಿಂತನೆ ಮುಂದೆ ಬಹುಲೋಕಗಳ ವಾದವಾಗಿ ಬೆಳೆಯಿತು. ಎಲ್ಲ ಸಾಧ್ಯತೆಗಳೂ ನಡೆಯುತ್ತವೆ, ನಮಗೆ ಕಾಣುವುದು ಒಂದು ಕವಲು ಮಾತ್ರ ಎಂದು ಅದು ಹೇಳುತ್ತದೆ. ಈ ಮೂರೂ ಪರದೆಯ ಮೇಲೆ ಒಂದೇ ಬಗೆಯ ಪಟ್ಟೆಗಳನ್ನು ಮುನ್ನುಡಿಯುವುದರಿಂದ ಎರಡು ಕಿಂಡಿಗಳ ಪ್ರಯೋಗ ಇವುಗಳ ನಡುವೆ ತೀರ್ಪು ಕೊಡಲಾರದು.

1986ರಲ್ಲಿ ಇಟಲಿಯ ಗಿರಾರ್ಡಿ, ರಿಮಿನಿ, ವೆಬರ್ ಮುಂದಿಟ್ಟ ವಾದದ ಸ್ವರೂಪ ಬೇರೆ. ಅದರ ಪ್ರಕಾರ ಅಲೆ ಆಗಾಗ ತಾನಾಗಿಯೇ ಕುಸಿದು ಒಂದು ಜಾಗಕ್ಕೆ ಸೇರುತ್ತದೆ. ವಸ್ತುವಿನಲ್ಲಿ ಕಣಗಳು ಹೆಚ್ಚಿದಷ್ಟೂ ಕುಸಿತ ಬೇಗ. ಅದು ನಿಜವಾದರೆ, ಎಷ್ಟೇ ತಂಪಾಗಿಟ್ಟು ಎಷ್ಟೇ ನಿರ್ವಾತದಲ್ಲಿ ಕಾಪಾಡಿದರೂ, ಒಂದು ಗಾತ್ರ ದಾಟಿದ ಮೇಲೆ ಪಟ್ಟೆಗಳು ಮೂಡಲೇಬಾರದು. ಇದನ್ನು ಪ್ರಯೋಗದಿಂದ ಪರೀಕ್ಷಿಸಬಹುದು. ಆದ್ದರಿಂದಲೇ ವಿಯೆನ್ನಾದಲ್ಲಿ ಭಾರದ ಅಣುಗಳನ್ನು ಒಂದರ ನಂತರ ಒಂದು ಕಿಂಡಿಗಳ ಮುಂದೆ ತಂದು ನಿಲ್ಲಿಸುತ್ತಾ ಬಂದಿದ್ದಾರೆ. 2019ರಲ್ಲಿ ಅವರು ಕಳಿಸಿದ ಅಣುಗಳಲ್ಲಿ ಸುಮಾರು 2,000 ಪರಮಾಣುಗಳಿದ್ದವು, ತೂಕ ಹೈಡ್ರೊಜನ್ ಪರಮಾಣುವಿನ 25,000 ಪಟ್ಟಿನಷ್ಟಿತ್ತು. ಪಟ್ಟೆಗಳು ಆಗಲೂ ಮೂಡಿದವು.