‘ವೀಸಾ ಬಂದೈತಿ ಹಜರತ್ರ, ಸ್ವಲ್ಪ ನೋಡ್ರಿ’

ಇಶಾ ನಮಾಝ್ ಮುಗಿದು ಮಸೀದಿಯ ಬಾಗಿಲು ಹಾಕುವ ಹೊತ್ತಿಗೆ ಒಬ್ಬರು ಬಂದು ನಮ್ಮ ಕೈಗೆ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟರು. ಒಳಗೆ ಮಗನ ಪಾಸ್‌ಪೋರ್ಟ್, ಎರಡು ಫೋಟೊ, ಇಂಗ್ಲಿಷ್‌ನಲ್ಲಿ ಪ್ರಿಂಟ್ ತೆಗೆದ ಒಂದು ಹಾಳೆ. “ಹುಡುಗಂದು ದುಬೈ ವೀಸಾ ಬಂದೈತಿ ಹಜರತ್ರ, ಸ್ವಲ್ಪ ನೋಡ್ರಿ. ಮುಂದಿನ ವಾರ ಹೊಂಟಾನ” ಅಂದರು. ಮುಖದಲ್ಲಿ ಸಂತೋಷ ಇತ್ತು. ಟ್ಯೂಬ್‌ಲೈಟ್ ಕೆಳಗೆ ನಿಂತು ಹಾಳೆ ಓದಿದೆವು. ಕೆಲಸದ ವೀಸಾ ಅಲ್ಲ, 30 ದಿನದ ವಿಸಿಟ್ ವೀಸಾ. ಪಾಸ್‌ಪೋರ್ಟ್‌ನ ಕೊನೆಯ ಪುಟ ತಿರುಗಿಸಿದರೆ ಅಲ್ಲಿ ಇ.ಸಿ.ಆರ್. ಎಂಬ ಮೂರಕ್ಷರ.

ನಾವು ಕರಾವಳಿಯವರು. ಮಹಾಲಿಂಗಪುರಕ್ಕೆ ಮದ್ರಸ ಕಲಿಸಲು ಬಂದು ಹನ್ನೊಂದು ವರ್ಷ ಆಯಿತು. ಊರಲ್ಲಿ ನಮ್ಮನ್ನು ಉಸ್ತಾದ್ ಅಂತಾರೆ, ಇಲ್ಲಿ ಹಜರತ್. ಬೆಲ್ಲದ ಪೇಟೆ, ಮಗ್ಗದ ಸದ್ದು, ಕಬ್ಬಿನ ಗಾಡಿ, ಇದು ಈ ಊರು. ಇಲ್ಲಿನವರು ದುಡಿಮೆ ಹುಡುಕಿಕೊಂಡು ಹೊರಟರೆ ಇಚಲಕರಂಜಿಗೋ ಸಾಂಗಲಿಗೋ ಹೋಗಿ ಬರುತ್ತಿದ್ದವರು. ಪಾಸ್‌ಪೋರ್ಟ್ ಬೇಕಾಗಿರಲಿಲ್ಲ. ನಮ್ಮ ಕಡೆ ಹಾಗಲ್ಲ. ಎಪ್ಪತ್ತರ ದಶಕದಿಂದಲೇ ಬ್ಯಾರಿಗಳ ಮನೆಗಳಿಂದ ಗಲ್ಫ್‌ಗೆ ಹೋಗುತ್ತಾ ಬಂದಿದ್ದಾರೆ. ಓದು ಬಾರದ ಉಮ್ಮನವರಿಗೂ ಎಮಿಗ್ರೇಶನ್, ಇಕಾಮಾ, ಕಫೀಲ್ ಅಂದರೆ ಏನು ಅಂತ ಗೊತ್ತುಂಟು. ಈಗ ಇಲ್ಲಿನ ಹುಡುಗರೂ ಅದೇ ದಾರಿ ಹಿಡಿದಿದ್ದಾರೆ, ಆದರೆ ದಾರಿ ಹೇಳಲು ಮನೆಯಲ್ಲಿ ಮಾಮ ಇಲ್ಲ, ಕಾಕ ಇಲ್ಲ. ಏಜೆಂಟ್ ಹೇಳಿದ್ದೇ ಕಾನೂನು.

ಆ ರಾತ್ರಿ ಅವರನ್ನು ಕೂರಿಸಿ ಕೇಳಿದೆವು, “ಭಾಯಿ, ಎಷ್ಟು ಕೊಟ್ಟಿದ್ದೀರಿ?” ಒಟ್ಟು 1 ಲಕ್ಷ 30 ಸಾವಿರಕ್ಕೆ ಮಾತಾಗಿದೆ, 80 ಸಾವಿರ ಕೊಟ್ಟಾಗಿದೆ. ಒಂದು ಮಗ್ಗ ಮಾರಿ ಕೊಟ್ಟ ದುಡ್ಡು. ರಶೀದಿ? ಇಲ್ಲ. ಏಜೆಂಟರ ಲೈಸೆನ್ಸ್ ನಂಬರು? “ನಮ್ಮ ಬೀಗರ ಪೈಕಿ ಮನಿಷಾ ಅದಾನ್ರಿ, ನಂಬರ್ ಯಾಕ ಕೇಳೂದು?” ಅಂದರು. ವಿಸಿಟ್ ವೀಸಾ ಯಾಕೆ ಅಂದರೆ, “ಅಲ್ಲಿ ಹ್ವಾದ ಮ್ಯಾಲೆ ಚೇಂಜ್ ಮಾಡಸ್ತಾರಂತ.”

ಈ ಮೂರಕ್ಷರದ ಕಥೆ ಗೊತ್ತಿರುವವರು ಕ್ಷಮಿಸಬೇಕು, ಗೊತ್ತಿಲ್ಲದವರಿಗಾಗಿ ಹೇಳುತ್ತೇವೆ. 1983ರ ಎಮಿಗ್ರೇಶನ್ ಕಾಯ್ದೆಯ ಪ್ರಕಾರ, 10ನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇ.ಸಿ.ಆರ್. ಆಗುತ್ತದೆ. ಅಂಥವರು ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹ್ರೈನ್, ಮಲೇಶಿಯ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರಕಾರದ ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್ ಕಚೇರಿಯ ಅನುಮತಿ ಬೇಕು. ಅರ್ಜಿ ಹೋಗುವುದು 2014ರಿಂದ ನಡೆಯುತ್ತಿರುವ ಇ-ಮೈಗ್ರೇಟ್ ವ್ಯವಸ್ಥೆಯ ಮೂಲಕ. ಅಲ್ಲಿ ಕೆಲಸ ಕೊಡುವವನ ಹೆಸರು, ಸಂಬಳ, ಕರಾರು ಪತ್ರ ಎಲ್ಲ ದಾಖಲಾಗಬೇಕು. ಕೊನೆಯ ಪುಟದಲ್ಲಿ ಏನೂ ಬರೆದಿಲ್ಲ ಅಂದರೆ ಅನುಮತಿ ಬೇಡ ಎಂದು ಅರ್ಥ. ನಮ್ಮ ಕಡೆಯ ಹಿರಿಯರು ಈಗಲೂ ‘ಇ.ಸಿ.ಎನ್.ಆರ್. ಸೀಲು ಬಿದ್ದಿಲ್ಲ’ ಅಂತ ಗಾಬರಿ ಬೀಳುವುದುಂಟು. ಆ ಸೀಲು ಹೊಡೆಯುವುದು ನಿಂತು ವರ್ಷಗಳಾದವು.

10ನೇ ತರಗತಿ ಆಗದಿದ್ದರೂ 50 ವರ್ಷ ದಾಟಿದವರಿಗೆ, ಆದಾಯ ತೆರಿಗೆ ಕಟ್ಟುವವರಿಗೆ, ಮೂರು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ಇದ್ದವರಿಗೆ ವಿನಾಯಿತಿ ಉಂಟು. 2018ರ ಜನವರಿಯಲ್ಲಿ ಇ.ಸಿ.ಆರ್. ನವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ಕೊಡುತ್ತೇವೆ ಅಂತ ಸರಕಾರ ಹೇಳಿತ್ತು. ಓದದವನನ್ನು ಬಣ್ಣದಲ್ಲಿ ಬೇರೆ ಮಾಡುವುದಾ ಅಂತ ಗಲಾಟೆಯಾಗಿ ಅದೇ ತಿಂಗಳ ಕೊನೆಗೆ ಕೈಬಿಟ್ಟರು. ಒಳ್ಳೆಯದೇ ಆಯಿತು.

ಈಗ ಏಜೆಂಟರ ಉಪಾಯ ಎಲ್ಲಿದೆ ನೋಡಿ. 2007ರ ಅಕ್ಟೋಬರ್‌ನಿಂದ, ಕೆಲಸಕ್ಕಲ್ಲದೆ ಬೇರೆ ಕಾರಣಕ್ಕೆ ಹೋಗುವ ಇ.ಸಿ.ಆರ್. ನವರಿಗೆ ಅನುಮತಿ ಬೇಡ. ಉಮ್ರಾಕ್ಕೆ ಹೋಗುವ ಉಮ್ಮ, ಮಗಳನ್ನು ನೋಡಲು ಶಾರ್ಜಾಕ್ಕೆ ಹೋಗುವ ಬಾಪ, ಇವರ ತೊಂದರೆ ತಪ್ಪಲಿ ಅಂತ ಮಾಡಿದ ಅನುಕೂಲ ಅದು. ಅದೇ ಕಿಂಡಿಯಲ್ಲಿ ಕೆಲಸದ ಹುಡುಗರನ್ನೂ ತೂರಿಸುತ್ತಾರೆ. ಹೋದ ಹುಡುಗನ ಹೆಸರು ಇ-ಮೈಗ್ರೇಟ್‌ನಲ್ಲಿ ಇರುವುದಿಲ್ಲ. ಕರಾರು ಪತ್ರ ಇರುವುದಿಲ್ಲ. ಪ್ರವಾಸಿ ಭಾರತೀಯ ಬಿಮಾ ಯೋಜನೆ ಇರುವುದಿಲ್ಲ. ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ ಅಪಘಾತದ ಸಾವಿಗೆ, ಶಾಶ್ವತ ಅಂಗವಿಕಲತೆಗೆ 10 ಲಕ್ಷ ರೂಪಾಯಿ ಕೊಡುವ ವಿಮೆ ಅದು. ವೀಸಾ ಬದಲಾಗದೆ ಅವಧಿ ಮುಗಿದರೆ ಯುಎಇಯಲ್ಲಿ ದಿನಕ್ಕೆ 50 ದಿರ್ಹಮ್ ದಂಡ ಏರುತ್ತಾ ಹೋಗುತ್ತದೆ. 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ತನಕ ಯುಎಇ ಸರಕಾರ ದಂಡ ಮಾಫಿ ಮಾಡಿ, ಅವಧಿ ಮೀರಿದವರಿಗೆ ಮನೆಗೆ ಹೋಗಲು ಅವಕಾಶ ಕೊಟ್ಟಿತು. ಮಾಫಿ ಯಾವಾಗಲೂ ಬರುವುದಿಲ್ಲವಲ್ಲ.

ದುಡ್ಡಿನ ಲೆಕ್ಕವನ್ನೂ ನೋಡಿ. ಸರಕಾರದಲ್ಲಿ ನೋಂದಾಯಿಸಿದ ಏಜೆಂಟ್ ಒಬ್ಬ ಹುಡುಗನಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ರಶೀದಿ ಕೊಡಲೇಬೇಕು. ಸಬ್ ಏಜೆಂಟ್ ಅನ್ನುವವನಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಅವನು ಬೀಗರ ಪೈಕಿ ಇರಲಿ, ಜಮಾಅತಿನವನೇ ಇರಲಿ. ಏಜೆಂಟರ ಹೆಸರು ಪಟ್ಟಿಯಲ್ಲಿ ಉಂಟಾ ಇಲ್ಲವಾ ಎನ್ನುವುದನ್ನು ಇ-ಮೈಗ್ರೇಟ್‌ನಲ್ಲಿ ಮೊಬೈಲ್‌ನಿಂದಲೇ ನೋಡಬಹುದು, ಐದು ನಿಮಿಷದ ಕೆಲಸ. ಆ ರಾತ್ರಿ ನಾವೂ ನೋಡಿದೆವು. ಇರಲಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಇ.ಸಿ.ಆರ್. ಪಾಸ್‌ಪೋರ್ಟ್ ಇರುವ ಹೆಂಗಸರಿಗೆ 30 ವರ್ಷ ತುಂಬದೆ ಈ ದೇಶಗಳಲ್ಲಿ ಕೆಲಸಕ್ಕೆ ಅನುಮತಿ ಸಿಗುವುದಿಲ್ಲ. ಮನೆಗೆಲಸಕ್ಕೆ ಅಂತ ವಿಸಿಟ್ ವೀಸಾದಲ್ಲಿ ಕಳಿಸುತ್ತೇನೆ ಅನ್ನುವವನನ್ನು ಬಾಗಿಲಲ್ಲೇ ವಾಪಸ್ ಕಳಿಸಿ.

ಇಷ್ಟು ಹೇಳಿದ ಮೇಲೆ ನಮ್ಮ ವಿಷಯವನ್ನೂ ಹೇಳಬೇಕು, ಮುಚ್ಚಿಡುವುದು ಸರಿಯಲ್ಲ. ಆ ಹುಡುಗ ನಮ್ಮ ಶಿಷ್ಯ. 8ನೇ ತರಗತಿ ಮುಗಿದಾಗ ಅವನನ್ನು ಹಿಫ್ಳ್‌ಗೆ ಕೂರಿಸೋಣ, ಶಾಲೆ ಆಮೇಲೆ ನೋಡಿಕೊಂಡರಾಯಿತು ಅಂತ ಮನೆಯವರಿಗೆ ಹೇಳಿದವರಲ್ಲಿ ನಾವೂ ಒಬ್ಬರು. ಒಳ್ಳೆಯ ಕಂಠ, ಒಳ್ಳೆಯ ನೆನಪು. ಹದಿನೇಳು ಜುಝ್ ಆಯಿತು. ಅಷ್ಟರಲ್ಲಿ ತಂದೆಗೆ ಹುಷಾರಿಲ್ಲದೆ ಹುಡುಗ ಪವರ್‌ಲೂಮಿಗೆ ಹೋದ. ಹಿಫ್ಳ್ ಅರ್ಧಕ್ಕೆ ನಿಂತಿತು, ಶಾಲೆಗೆ ಮತ್ತೆ ಹೋಗಲಿಲ್ಲ. ಈಗ 22 ವರ್ಷ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಓದಿನ ದಾಖಲೆ ಕೇಳಿದಾಗ ಅವನಲ್ಲಿ ಇದ್ದದ್ದು ಶಾಲೆಯ ಟಿ.ಸಿ. ಮತ್ತು ನಾವೇ ಸಹಿ ಹಾಕಿದ ಮದ್ರಸದ ಸರ್ಟಿಫಿಕೇಟ್. ನಮ್ಮ ಸಹಿಗೆ ಅಲ್ಲಿ ಬೆಲೆ ಇರಲಿಲ್ಲ.

ಇದು ಇಲ್ಲಿಯ ಕಥೆ ಮಾತ್ರ ಅಲ್ಲ. ನಮ್ಮ ಊರಿನ ಮದ್ರಸಗಳಲ್ಲೂ 5, 7, 10ನೇ ತರಗತಿಗೆ ಪಬ್ಲಿಕ್ ಪರೀಕ್ಷೆ ನಡೆಯುತ್ತದೆ. ಫಲಿತಾಂಶ ಬಂದ ದಿನ ಮಕ್ಕಳಿಗೆ ಸ್ವೀಟ್ಸ್ ಹಂಚುತ್ತೇವೆ. ‘ಮದ್ರಸದಲ್ಲಿ ಹತ್ತು ಪಾಸಾಗಿದೆಯಲ್ಲ’ ಎಂದು ಪಾಸ್‌ಪೋರ್ಟ್ ಅರ್ಜಿಯಲ್ಲಿ ಹಾಗೆಯೇ ಬರೆಸಿದವರನ್ನು ಕಂಡಿದ್ದೇವೆ. ಅದು ನಡೆಯುವುದಿಲ್ಲ. ದೀನಿನ ಕಲಿಕೆಯ ಬೆಲೆ ಬೇರೆ, ಅಲ್ಲಾಹನ ಹತ್ತಿರ ಅದರ ಲೆಕ್ಕ ಬೇರೆ. ಎಮಿಗ್ರೇಶನ್ ಕೌಂಟರಿನ ಲೆಕ್ಕದಲ್ಲಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಇಲ್ಲದಿದ್ದರೆ ಹುಡುಗ ಓದಿಲ್ಲ ಅಂತಲೇ. ಹಿಫ್ಳ್‌ಗೆ ಸೇರಿಸುವ ತಂದೆ ತಾಯಿಗೆ ಇದನ್ನು ಮೊದಲೇ ಹೇಳುವ ಜವಾಬ್ದಾರಿ ನಮ್ಮಂಥ ಉಸ್ತಾದರದ್ದು. ನಾವು ಹೇಳಿರಲಿಲ್ಲ.

ಕರಾವಳಿಯ ಓದುಗರಿಗೆ ಇದೆಲ್ಲ ಹಳೆಯ ಪಾಠ ಅನ್ನಿಸಬಹುದು. ಅವರಿಗೆ ಎಡವಟ್ಟಾಗುವುದು ಬೇರೆ ಕಡೆ, ಹೆಸರಿನಲ್ಲಿ. ನಮ್ಮಲ್ಲಿ ಮನೆತನದ ಹೆಸರು ಬರೆಯುವ ರೂಢಿ ಕಡಿಮೆ. ಶಾಲೆಯಲ್ಲಿ ‘ಅಬ್ದುಲ್ಲ’ ಅಂತ ಬರೆಸಿದರೆ ಪಾಸ್‌ಪೋರ್ಟ್‌ನಲ್ಲೂ ಬರೀ ಅಬ್ದುಲ್ಲ, ಸರ್‌ನೇಮ್ ಕಾಲಂ ಖಾಲಿ. 2022ರ ನವೆಂಬರ್ 21ರಿಂದ, ಒಂದೇ ಹೆಸರಿರುವ ಪಾಸ್‌ಪೋರ್ಟ್‌ನಲ್ಲಿ ವಿಸಿಟ್ ವೀಸಾಕ್ಕೆ ಬರುವವರನ್ನು ಒಳಗೆ ಬಿಡುವುದಿಲ್ಲ ಅಂತ ಯುಎಇ ಹೇಳಿತು. ಆಮೇಲೆ, ಪಾಸ್‌ಪೋರ್ಟ್‌ನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಆಗುತ್ತದೆ ಎಂಬ ಸ್ಪಷ್ಟನೆ ಬಂತು. ಆದರೂ ಟಿಕೆಟ್ ತೆಗೆಯುವ ಮೊದಲು ವಿಮಾನ ಕಂಪೆನಿಯಲ್ಲಿ ಕೇಳಿ. ಹೊಸದಾಗಿ ಮಾಡಿಸುವ ಮಕ್ಕಳ ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ಸರ್‌ನೇಮ್ ಕಾಲಂನಲ್ಲಿ ಹಾಕಿಬಿಡಿ. ಜನನ ಪತ್ರ, ಆಧಾರ್, ಶಾಲೆಯ ದಾಖಲೆ, ಎಲ್ಲದರಲ್ಲೂ ಒಂದೇ ಸ್ಪೆಲಿಂಗ್ ಇರಲಿ. ಒಂದರಲ್ಲಿ ಮುಹಮ್ಮದ್‌ಗೆ ‘ಯು’, ಇನ್ನೊಂದರಲ್ಲಿ ‘ಒ’, ಮತ್ತೊಂದರಲ್ಲಿ ಬರೀ ‘ಎಂಡಿ’ ಇದ್ದರೆ ತಿರುಗಾಟ ತಪ್ಪಿದ್ದಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣ ಪತ್ರ ಒಂದೇ ಆಧಾರ, ಬೇರೆ ದಾಖಲೆ ನಡೆಯುವುದಿಲ್ಲ.

ಮಗಳು ಅಳಿಯನ ಜೊತೆ ಗಲ್ಫ್‌ನಲ್ಲಿದ್ದು ಅಲ್ಲೇ ಹೆರಿಗೆಯಾದರೆ ಮಗುವಿನ ಜನನವನ್ನು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಒಂದು ವರ್ಷದ ಒಳಗೆ ನೋಂದಾಯಿಸಬೇಕು. ಪೌರತ್ವ ಕಾಯ್ದೆಯಲ್ಲೇ ಇರುವ ಮಾತು ಇದು. ‘ಊರಿಗೆ ಬಂದ ಮೇಲೆ ಮಾಡಿಸಿದರಾಯಿತು’ ಅಂತ ಬಿಟ್ಟುಬಿಡಬೇಡಿ. ತಡವಾದರೆ ಕೇಂದ್ರ ಸರಕಾರದ ಅನುಮತಿ ಬೇಕಾಗುತ್ತದೆ.

ಇನ್ನು ಹಜ್ಜಿನ ಮಾತು. ಉಮ್ರಾ ವೀಸಾದಲ್ಲೋ ವಿಸಿಟ್ ವೀಸಾದಲ್ಲೋ ಹೋಗಿ, ಅಲ್ಲೇ ಉಳಿದು ಹಜ್ಜ್ ಮಾಡಿ ಬರುವ ಆಸೆ ತೋರಿಸುವವರು ಪ್ರತಿ ವರ್ಷ ಹುಟ್ಟಿಕೊಳ್ಳುತ್ತಾರೆ. 2024ರ ಹಜ್ಜ್‌ನಲ್ಲಿ ಬಿಸಿಲಿನ ತಾಪದ ನಡುವೆ 1,301 ಮಂದಿ ತೀರಿಹೋದರು. ಅವರಲ್ಲಿ 83 ಶೇಕಡ ಜನ ಅನುಮತಿ ಇಲ್ಲದೆ ಬಂದವರು ಅಂತ ಸೌದಿ ಸರಕಾರವೇ ಹೇಳಿತು. ಅನುಮತಿ ಇಲ್ಲದವನಿಗೆ ಮಿನಾದಲ್ಲಿ ಡೇರೆ ಇಲ್ಲ, ಬಸ್ಸಿಲ್ಲ, ನೆರಳಿಲ್ಲ. ಸಿಕ್ಕಿಬಿದ್ದರೆ 2025ರಿಂದ 20 ಸಾವಿರ ರಿಯಾಲ್ ತನಕ ದಂಡ. ಕಳ್ಳದಾರಿಯ ಹಜ್ಜ್ ನಮ್ಮ ಮೇಲೆ ಫರ್ಳ್ ಆಗಿಲ್ಲ. ಮುಂಬೈಯಿಂದ ಹಡಗಿನಲ್ಲಿ ಹಜ್ಜ್‌ಗೆ ಹೋಗುತ್ತಿದ್ದ ಕಾಲದಲ್ಲೂ, ಅದು ನಿಂತದ್ದು 1995ರಲ್ಲಿ, ನಮ್ಮ ಹಿರಿಯರು ಸರದಿ ಕಾದೇ ಹೋಗಿದ್ದಾರೆ.

ಮಹಾಲಿಂಗಪುರದ ಆ ಮನೆಗೆ ವಾಪಸ್ ಬರೋಣ. ಮರುದಿನ ಜಮಾಅತಿನ ನಾಲ್ಕು ಮಂದಿ ಹಿರಿಯರು ಆ ಏಜೆಂಟನನ್ನು ಕರೆಸಿದರು. ಮೊದಲು ಜೋರು ಮಾಡಿದ. ಲೈಸೆನ್ಸ್ ನಂಬರ್ ಕೊಡು, ಇಲ್ಲವಾದರೆ ಪೊಲೀಸ್ ಕಂಪ್ಲೇಂಟ್ ಅಂದಾಗ ತಣ್ಣಗಾದ. ಮೂರು ಕಂತಿನಲ್ಲಿ 45 ಸಾವಿರ ಕೊಟ್ಟ. ಉಳಿದ 35 ಸಾವಿರ ‘ವೀಸಾ ಖರ್ಚು’ ಅಂತ ಹೇಳುತ್ತಲೇ ಇದ್ದಾನೆ. ಫೋನ್ ಎತ್ತುವುದನ್ನು ಈಗ ಕಡಿಮೆ ಮಾಡಿದ್ದಾನೆ. ರಶೀದಿ ಇದ್ದಿದ್ದರೆ ವಿಷಯ ಬೇರೆ ಇರುತ್ತಿತ್ತು. ಇಂಥ ಸಂದರ್ಭದಲ್ಲಿ ಕೇಳಲು ಸರಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 1800 11 3090 ಉಂಟು. ಹೊರದೇಶದಲ್ಲಿ ಸಿಕ್ಕಿಕೊಂಡವರ ಮನೆಯವರು ‘ಮದದ್’ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ದೂರು ಕೊಟ್ಟವರಿಗೆ ಒಂದು ನಂಬರ್ ಸಿಗುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ.

ಹುಡುಗ ಒಂದು ವಾರ ನಮ್ಮ ಜೊತೆ ಮಾತಾಡಲಿಲ್ಲ. ಅವನ ಗೆಳೆಯ ಇದೇ ರೀತಿ ಹೋಗಿ ಈಗ ಅಲ್ಲಿ ದುಡಿಯುತ್ತಿದ್ದಾನಂತೆ. ‘ಅವಂದ್ ಆತು, ನಂದ್ಯಾಕ ಆಗೂದಿಲ್ಲ?’ ಅನ್ನುವುದು ಅವನ ಸಿಟ್ಟು. ಅದಕ್ಕೆ ನಮ್ಮಲ್ಲಿ ಸರಿಯಾದ ಉತ್ತರ ಇರಲಿಲ್ಲ. ಕೆಲವರಿಗೆ ಆಗುತ್ತದೆ, ಅದು ನಿಜ. ಆಗದವನು ಅಲ್ಲಿಂದ ಫೋನ್ ಮಾಡಿದಾಗ ಈ ಕಡೆ ಮಾರಲು ಇನ್ನೊಂದು ಮಗ್ಗ ಇರುವುದಿಲ್ಲ, ಅಷ್ಟೇ ಹೇಳಿದೆವು.

ಆಮೇಲೆ ಅವನಾಗಿಯೇ ಬಂದ. ರಾಷ್ಟ್ರೀಯ ಮುಕ್ತ ಶಾಲೆ, ಎಲ್ಲರೂ ಎನ್‌ಐಒಎಸ್ ಅಂತ ಕರೆಯುವುದು, ಅಲ್ಲಿ 14 ವರ್ಷ ತುಂಬಿದ ಯಾರೂ 10ನೇ ತರಗತಿ ಪರೀಕ್ಷೆ ಕಟ್ಟಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ. ಉರ್ದು, ಅರಬಿ, ಕನ್ನಡ ವಿಷಯಗಳೂ ಉಂಟು. ಪಾಸಾದರೆ ಅಂಕಪಟ್ಟಿ ಇಟ್ಟು 1,500 ರೂಪಾಯಿ ಕಟ್ಟಿ ಪಾಸ್‌ಪೋರ್ಟ್ ಮರು ವಿತರಣೆಗೆ ಅರ್ಜಿ ಹಾಕಿ ಇ.ಸಿ.ಆರ್. ತೆಗೆಸಬಹುದು. ಹುಡುಗ ಅರಬಿ ಮತ್ತು ಉರ್ದು ಆರಿಸಿಕೊಂಡಿದ್ದಾನೆ, ಅವೆರಡಕ್ಕೆ ಹೆದರಿಕೆ ಇಲ್ಲ ಅಂತಾನೆ. ಗಣಿತಕ್ಕೆ ನಮ್ಮಿಂದ ಉಪಯೋಗ ಇಲ್ಲ. ಶಾಲೆಯ ನಿವೃತ್ತ ಮಾಸ್ತರರೊಬ್ಬರು ಸಂಜೆ ಬಾ ಅಂದಿದ್ದಾರೆ. ಮಗ್ಗದ ಶಿಫ್ಟ್ ಬಿಟ್ಟು ಕೈಕಾಲು ತೊಳೆದು ಅವರ ಮನೆಗೆ ಹೋಗುತ್ತಾನೆ, ಬರುವಾಗ ಇಶಾಕ್ಕೆ ಮಸೀದಿಗೆ ಬರುತ್ತಾನೆ. ಮೊನ್ನೆ ನಮಾಝ್ ಮುಗಿದ ಮೇಲೆ ಕೇಳಿದ, “ಹಜರತ್ರ, ಹದಿನೆಂಟನೇ ಜುಝ್ ಯಾವಾಗ ಚಾಲೂ ಮಾಡೂಣು?”